ಡಬ್ಲ್ಯೂ ಅಂದ್ರೆ ವೆಸ್ಟರ್ನ್ ಅಲ್ಲ ಸ್ವಾಮಿ: ಸ್ಟೀಮ್ ಎಂಜಿನ್ ನಂಬರ್ ಪ್ಲೇಟ್ ಪ್ರಶ್ನೆಗಳು

ಪ್ರಶ್ನೆ: ಹರಿಯಾಣದ ರೇವಾರಿ ಸ್ಟೀಮ್ ಎಂಜಿನ್ ಶೆಡ್‌ನಲ್ಲಿರೋ ಡಬ್ಲ್ಯೂಪಿ 7161 ಅಕ್ಬರ್, ಡಬ್ಲ್ಯೂಪಿ 7200 ಆಜಾದ್, ಇವೆರಡ್ರಲ್ಲಿ ನಂಬರ್ ಚಿಕ್ಕದಿರೋ ಅಕ್ಬರೇ ಹಳೇದಲ್ವಾ ಸರ್?

ಅಲ್ಲ, ಉಲ್ಟಾ. ಆಜಾದ್ 1947ರಲ್ಲಿ ಅಮೆರಿಕದ ಬಾಲ್ಡ್‌ವಿನ್ ಮಾಡಿದ್ದು, ಅಕ್ಬರ್ 1965ರಲ್ಲಿ ಚಿತ್ತರಂಜನ್‌ನಲ್ಲಿ ಆಗಿದ್ದು. ಕ್ಯಾಬ್ (ಡ್ರೈವರ್ ನಿಲ್ಲೋ ಜಾಗ) ಪಕ್ಕದ ದೊಡ್ಡ ನಂಬರ್ ನೋಡಿ ವಯಸ್ಸು ಹೇಳೋ ಚಾಳಿ ದಯವಿಟ್ಟು ಬಿಡಿ, ಅದು ರೈಲ್ವೆಯವರು ಲೆಕ್ಕಕ್ಕೆ ಕೊಟ್ಟಿದ್ದು ಅಷ್ಟೇ, ಬ್ಲಾಕ್ ಬ್ಲಾಕ್ ಆಗಿ ಕೊಡ್ತಾರೆ, ಬಾಲ್ಡ್‌ವಿನ್‌ನ ಮೊದಲ ಕಂತಿಗೆ 7200ರಿಂದ ಶುರು ಮಾಡಿದ್ರು, ಅದಕ್ಕಿಂತ ಕೆಳಗಿನ ನಂಬರ್ ಆಮೇಲೆ ಬಂದ ಎಂಜಿನ್‌ಗೆ ಹೋಯ್ತು. ವರ್ಷ ಬೇಕಾದ್ರೆ ಎಂಜಿನ್ ಮಾಡಿದ ಕಂಪನಿಯ ಬಿಲ್ಡರ್ ಪ್ಲೇಟ್ ಹುಡುಕಿ, ಅದರಲ್ಲಿರೋ ವರ್ಕ್ಸ್ ನಂಬರ್ (ಫ್ಯಾಕ್ಟರಿ ಕೊಟ್ಟ ನಂಬರ್) ಬೇರೆ, ಕ್ಯಾಬ್ ನಂಬರಿಗೂ ಅದಕ್ಕೂ ಸಂಬಂಧ ಇಲ್ಲ. ಗ್ಲಾಸ್ಗೋದ ನಾರ್ತ್ ಬ್ರಿಟಿಷ್ ಕಂಪನಿ ಎಂಜಿನ್ ಆದ್ರೆ ಪ್ಲೇಟಿನ ಆಕಾರನೇ ಫ್ಯಾಕ್ಟರಿ ಹೇಳುತ್ತೆ: ರೌಂಡ್ ಇದ್ರೆ ಹೈಡ್ ಪಾರ್ಕ್, ಡೈಮಂಡ್ ಇದ್ರೆ ಕ್ವೀನ್ಸ್ ಪಾರ್ಕ್. ಬಾಯ್ಲರ್ ಮೇಲಿನ ವರ್ಷ ಮಾತ್ರ ನಂಬ್ಬೇಡಿ. ಓವರ್‌ಹಾಲ್‌ಗೆ ಹೋದಾಗ ಒಂದರ ಬಾಯ್ಲರ್ ಇನ್ನೊಂದಕ್ಕೆ ಕೂರ್ತಿತ್ತು. ಬಿಲ್ಡರ್ ಪ್ಲೇಟ್ ಕಳೆದುಹೋಗಿದ್ರೆ ನಾನು ಚಕ್ರಗಳಿಗೆ ಜೋಡಿಸಿರೋ ರಾಡ್‌ಗಳ ಮೇಲೆ ಹೊಡೆದಿರೋ ನಂಬರ್ ನೋಡ್ತೀನಿ, ಅಲ್ಲೂ ಒಂದು ರಾಡ್ ನೋಡಿ ತೀರ್ಪು ಕೊಡಲ್ಲ.

ಪ್ರಶ್ನೆ: ಡಬ್ಲ್ಯೂಪಿಯಲ್ಲಿರೋ ಡಬ್ಲ್ಯೂ ಅಂದ್ರೆ ವೆಸ್ಟರ್ನ್ ರೈಲ್ವೆನಾ?

ಇಲ್ಲ. ಡಬ್ಲ್ಯೂ ಬ್ರಾಡ್‌ಗೇಜ್, ವೈ ಮೀಟರ್‌ಗೇಜ್, ಝಡ್ ಎರಡೂವರೆ ಅಡಿ ಅಗಲದ ಹಳಿ. ಆಮೇಲೆ ಪಿ ಬಂದ್ರೆ ಪ್ಯಾಸೆಂಜರ್, ಜಿ ಬಂದ್ರೆ ಗೂಡ್ಸ್. ಇದನ್ನ ಇನ್ನು ಕೇಳ್ಬೇಡಿ.

ಪ್ರಶ್ನೆ: ಹಳೇ ಎಕ್ಸ್‌ಸಿ, ಎಕ್ಸ್‌ಇ ಕ್ಲಾಸ್ ಎಂಜಿನ್‌ಗಳ ಎಕ್ಸ್ ಕೂಡ ಬ್ರಾಡ್‌ಗೇಜ್ ಆದ್ರೆ ಊಟಿ ಟ್ರೈನಿನ ಎಕ್ಸ್ ಕೂಡ ಅದೇನಾ?

ಊಟಿ ಲೈನ್ ಮೀಟರ್‌ಗೇಜ್ ಕಣ್ರೀ. ಅದು ಸ್ವಿಟ್ಜರ್‌ಲೆಂಡ್‌ನ ವಿಂಟರ್‌ಥೂರ್‌ನಲ್ಲಿ ಮಾಡಿದ ಹಲ್ಲುಗಾಲಿ ಎಂಜಿನ್ನಿನ ಬೇರೆ ಕ್ಲಾಸ್, ಆ ಎಕ್ಸ್ ಈ ಲೆಕ್ಕಕ್ಕೆ ಬರಲ್ಲ.

ಪ್ರಶ್ನೆ: ಫೇರಿ ಕ್ವೀನ್ ಅನ್ನೋ ಹಳೇ ಎಂಜಿನ್ ಮೇಲಿರೋ 22 ಏನು?

ಈಸ್ಟ್ ಇಂಡಿಯನ್ ರೈಲ್ವೆಯಲ್ಲಿ ಅದರ ನಂಬರ್. ಹುಟ್ಟಿದ್ದು 1855.

ಪ್ರಶ್ನೆ: ಗುಜರಿಯಲ್ಲಿ ಹಿತ್ತಾಳೆ ಪ್ಲೇಟ್ ಸಿಕ್ಕಿದೆ, ಅಸಲಿನಾ?

ಅಸಲಿ ಪ್ಲೇಟನ್ನೇ ಅಚ್ಚು ಮಾಡಿ ಎರಕ ಹೊಯ್ದ್ರೆ ಹಿತ್ತಾಳೆ ಆರುವಾಗ ಕುಗ್ಗುತ್ತೆ, ಹಾಗಾಗಿ ನಕಲಿ ಸ್ವಲ್ಪ ಚಿಕ್ಕದಿರುತ್ತೆ, ಅಳೆದು ನೋಡಿ. "ಆಂಟಿಕ್, ಲಕ್ಷ ಲಕ್ಷ ಬಾಳುತ್ತೆ" ಅನ್ನೋರ ಮಾತು ಕೇಳಿ ದುಡ್ಡು ಸುರೀಬೇಡಿ. ಅಸಲಿನೇ ಆದ್ರೆ ಇನ್ನೂ ಕಷ್ಟ, ಹರಾಜಿನ ಕಾಗದ ಕೇಳಿ, ಕದ್ದ ಮಾಲಾಗಿದ್ರೆ 1966ರ ರೈಲ್ವೆ ಆಸ್ತಿ ಅಕ್ರಮ ಸ್ವಾಧೀನ ಕಾಯ್ದೆ ಕೊಂಡವರ ಕುತ್ತಿಗೆಗೂ ಬರುತ್ತೆ. ಫೋಟೋ ಕಳ್ಸಿ ನನ್ನತ್ರ ರೇಟ್ ಮಾತ್ರ ಕೇಳ್ಬೇಡಿ, ಹೇಳಲ್ಲ.