ಡಿಸೆಂಬರ್‌ನಲ್ಲಿ ಅಮ್ಮನ ಜೊತೆ ಮೂರು ದಿನ ಹ್ಯಾಂಬರ್ಗ್: ಹೇಗೆ ಪ್ಲಾನ್ ಮಾಡಬೇಕು?

ಖಂಡಿತ ಹೋಗಿ. ನೀವು ಜರ್ಮನಿಯ ಮ್ಯೂನಿಕ್‌ನಲ್ಲಿ ಓದುತ್ತಿದ್ದೀರಿ, ಡಿಸೆಂಬರ್ ಎರಡನೇ ವಾರ ಊರಿಂದ ಅಮ್ಮ ಬರುತ್ತಾರೆ, ಶುಕ್ರವಾರದಿಂದ ಭಾನುವಾರದವರೆಗೆ ಹ್ಯಾಂಬರ್ಗ್ ತೋರಿಸುವ ಆಸೆ. ಆದರೆ ಅಮ್ಮನಿಗೆ ಮಂಡಿ ನೋವು, ಮೀನು ಮಾಂಸ ತಿನ್ನಲ್ಲ, ಚಳಿಗೆ ಸುಸ್ತಾಗಿಬಿಟ್ಟರೆ ಏನು ಗತಿ ಅಂತ ಕೇಳಿದ್ದೀರಿ. ನಾನು ಅಲ್ಲಿ ನಾಲ್ಕು ಚಳಿಗಾಲ ಕಳೆದವಳು. ಮೂರನೇ ವರ್ಷ ಸಕಲೇಶಪುರದಿಂದ ನಮ್ಮಮ್ಮನೂ ಡಿಸೆಂಬರ್‌ನಲ್ಲೇ ಬಂದಿದ್ದರು. ಅವರನ್ನು ಸುತ್ತಾಡಿಸಿ ಕಲಿತದ್ದನ್ನೇ ಬರೆಯುತ್ತೇನೆ.

ಎಲ್ಲರೂ ಚಳಿಗೆ ಹೆದರುತ್ತಾರೆ. ನಿಜವಾಗಿ ಲೆಕ್ಕ ಇಡಬೇಕಾದ್ದು ಬೆಳಕನ್ನು. ಡಿಸೆಂಬರ್ ಮಧ್ಯದಲ್ಲಿ ಹ್ಯಾಂಬರ್ಗ್‌ನಲ್ಲಿ ಬೆಳಗಾಗುವುದು ಎಂಟೂವರೆಗೆ, ಸೂರ್ಯ ಮುಳುಗುವುದು ನಾಲ್ಕಕ್ಕೆ. ಅಷ್ಟೇ ಹಗಲು. ಅದರಲ್ಲೂ ಮೋಡದ ದಿನಗಳೇ ಜಾಸ್ತಿ. ಅಮ್ಮ ಬಂದ ಮೊದಲ ದಿನ ನಾನು ಬೆಳಿಗ್ಗೆ ಮ್ಯೂಸಿಯಂ, ಆಮೇಲೆ ಊಟ, ಆಮೇಲೆ ನದಿ ಅಂತ ಇಟ್ಟುಕೊಂಡಿದ್ದೆ. ನದಿ ದಡಕ್ಕೆ ಬಂದಾಗ ಕತ್ತಲಾಗಿತ್ತು. ಅಮ್ಮನಿಗೆ ಕಂಡಿದ್ದು ಬರೀ ದೀಪಗಳು. ಮಾರನೇ ದಿನದಿಂದ ಉಲ್ಟಾ ಮಾಡಿದೆ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಹೊರಗೆ, ನಾಲ್ಕರ ಮೇಲೆ ಒಳಗಿನ ಜಾಗಗಳು, ರಾತ್ರಿ ದೀಪದ ಬೀದಿಗಳು. ನೀವೂ ಹೀಗೇ ಮಾಡಿ.

ಚಳಿ ಸುಮಾರಾಗಿ ಸೊನ್ನೆಯಿಂದ ಐದು ಡಿಗ್ರಿ ಇರುತ್ತದೆ. ಮ್ಯೂನಿಕ್‌ನಷ್ಟು ಹಿಮ ಬೀಳುವುದಿಲ್ಲ. ಆದರೆ ಗಾಳಿ ಒದ್ದೆ, ಜೊತೆಗೆ ಜಿಟಿಜಿಟಿ ಮಳೆ. ಅಲ್ಲಿಯವರು ಇದಕ್ಕೆ ‘ಶೀಟ್‌ವೆಟರ್’ ಅಂತ ಹೆಸರಿಟ್ಟು ಆರಾಮಾಗಿ ಓಡಾಡುತ್ತಾರೆ. ಆ ಗಾಳಿಗೆ ಕೊಡೆ ನಿಲ್ಲುವುದಿಲ್ಲ. ಟೋಪಿ ಇರುವ, ನೀರು ಇಳಿಯದ ಜಾಕೆಟ್ ಬೇಕು. ಅಮ್ಮ ಸೀರೆಯನ್ನೇ ಉಡುತ್ತಾರೆ ಅಂದರೆ ಉಡಲಿ, ಒಳಗೆ ಥರ್ಮಲ್ ಹಾಕಿಸಿ, ಸೆರಗಿನ ಮೇಲೆ ಉದ್ದನೆಯ ಕೋಟು. ಬೂಟು ಮಾತ್ರ ಊರಿಂದ ತರುವುದು ಬೇಡ. ಬಂದ ಮೇಲೆ ಮ್ಯೂನಿಕ್‌ನಲ್ಲೇ ಅಂಗಡಿಗೆ ಕರೆದುಕೊಂಡು ಹೋಗಿ, ದಪ್ಪ ಕಾಲುಚೀಲ ಹಾಕಿಸಿ ಅಳತೆ ನೋಡಿ ಕೊಡಿಸಿ. ಮಂಡಿ ನೋವಿರುವವರಿಗೆ ಜಾರದ ಬೂಟೇ ಅರ್ಧ ಧೈರ್ಯ.

ಮೊದಲೇ ಅಮ್ಮನಿಗೆ ಒಂದು ಮಾತು ಹೇಳಿಬಿಡಿ: ಬಂದರು ಅಂದ ಮಾತ್ರಕ್ಕೆ ಅಲ್ಲಿ ಮಂಗಳೂರಿನ ಹಾಗೆ ಕಡಲು ಕಾಣುವುದಿಲ್ಲ. ಸಮುದ್ರ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಹಡಗುಗಳು ಎಲ್ಬೆ ನದಿಯಲ್ಲಿ ಮೇಲಕ್ಕೆ ಬರುತ್ತವೆ. ಅಷ್ಟು ಒಳಗಿದ್ದರೂ ನದಿಯಲ್ಲಿ ಉಬ್ಬರ ಇಳಿತ ಇದೆ, ದೋಣಿಕಟ್ಟೆ ನೀರಿನ ಜೊತೆ ಏರುತ್ತದೆ, ಇಳಿಯುತ್ತದೆ.

ಶುಕ್ರವಾರ ಮ್ಯೂನಿಕ್‌ನಿಂದ ರೈಲಿನಲ್ಲಿ ಆರು ಗಂಟೆ ಹತ್ತಿರ ಆಗುತ್ತದೆ. ಇಳಿದು ರೂಮಿಗೆ ಹೋಗಿ, ಸಂಜೆ ರಾಟ್‌ಹೌಸ್ ಅಂದರೆ ನಗರಸಭೆ ಕಟ್ಟಡದ ಮುಂದಿನ ಕ್ರಿಸ್‌ಮಸ್ ಸಂತೆಗೆ ಹೋದರೆ ಸಾಕು. ಅಮ್ಮನಿಗೆ ‘ಕಿಂಡರ್‌ಪುನ್ಶ್’ ಕೊಡಿಸಿ, ಮದ್ಯ ಇಲ್ಲದ ಬಿಸಿ ಹಣ್ಣಿನ ಪಾನೀಯ. ಕಪ್ಪಿಗೆ ಡೆಪಾಸಿಟ್ ಹಿಡಿಯುತ್ತಾರೆ, ವಾಪಸ್ ಕೊಟ್ಟರೆ ದುಡ್ಡು ಬರುತ್ತದೆ. ಸಕ್ಕರೆ ಹಚ್ಚಿ ಹುರಿದ ಬಾದಾಮಿ, ಸುಟ್ಟ ಚೆಸ್ಟ್‌ನಟ್ ಧಾರಾಳವಾಗಿ ಸಿಗುತ್ತವೆ. ಆಲೂಗಡ್ಡೆ ರೊಟ್ಟಿಯಂಥ ‘ರೈಬೆಕೂಖೆನ್’ಗೆ ಮೊಟ್ಟೆ ಹಾಕುವುದುಂಟು, ಕರಿದ ತಿಂಡಿಗೆ ಯಾವ ಎಣ್ಣೆ ಅಂತಲೂ ಕೇಳಿ. ಜೇಬಿನಲ್ಲಿ ಚಿಲ್ಲರೆ ಇರಲಿ. ಇನ್ನೊಂದು ವಿಷಯ. ಸಾಂಕ್ಟ್ ಪೌಲಿ ಬಡಾವಣೆಯಲ್ಲೂ ಒಂದು ಕ್ರಿಸ್‌ಮಸ್ ಸಂತೆ ಇದೆ, ಅದು ದೊಡ್ಡವರಿಗೆ ಮಾತ್ರ ಅನ್ನುವ ಥರದ್ದು. ಅಮ್ಮನ ಜೊತೆ ಅಲ್ಲಿಗೆ ಬೇಡ.

ಶನಿವಾರ ಇಡೀ ದಿನ ನೀರಿಗೆ ಕೊಡಿ. ಲಾಂಡುಂಗ್ಸ್‌ಬ್ರ್ಯೂಕೆನ್ ದೋಣಿಕಟ್ಟೆಗೆ ಹತ್ತು ಗಂಟೆಗೆ ಹೋಗಿ 62ನೇ ನಂಬರಿನ ದೋಣಿ ಹತ್ತಿ. ಇದು ಬಸ್ಸಿನ ಥರ ಜನ ದಿನಾ ಓಡಾಡುವ ದೋಣಿ, ಸಿಟಿ ಬಸ್ಸು, ಮೆಟ್ರೋಗೆ ತೆಗೆದುಕೊಂಡ ದಿನದ ಟಿಕೆಟೇ ನಡೆಯುತ್ತದೆ. ಪಕ್ಕದಲ್ಲೇ ಬಂದರು ತೋರಿಸುವ ಪ್ರವಾಸಿ ದೋಣಿಗಳಿಗೆ ಜನರನ್ನು ಕರೆಯುತ್ತಿರುತ್ತಾರೆ, ಅವು ಚೆನ್ನಾಗಿಯೇ ಇವೆ, ಆದರೆ ಮೊದಲು ಇದನ್ನು ಹತ್ತಿ. ಒಳಗೆ ಬೆಚ್ಚಗೆ ಕಿಟಕಿ ಪಕ್ಕ ಕೂರಬಹುದು. ಅಮ್ಮನಿಗೆ ಆ ಸೀಟು ಹಿಡಿದುಕೊಡಿ, ಹತ್ತು ನಿಮಿಷ ನೀವು ಮೇಲೆ ಹೋಗಿ ಗಾಳಿ ಕುಡಿದು ಬನ್ನಿ.

ನೊಯ್‌ಮ್ಯೂಲೆನ್ ಅನ್ನುವ ಸ್ಟಾಪಿನಲ್ಲಿ ಇಳಿಯಿರಿ. ಅಲ್ಲಿ ನದಿ ದಡದಲ್ಲಿ ಮರಳು, ಹಿಂದೆ ಹಳೆಯ ಕ್ಯಾಪ್ಟನ್‌ಗಳ ಪುಟ್ಟ ಮನೆಗಳು. ಎದುರು ದಡದಲ್ಲಿ ಕಂಟೇನರ್ ಟರ್ಮಿನಲ್. ಭಾರಿ ಕ್ರೇನುಗಳು ಒಂದೊಂದೇ ಡಬ್ಬ ಎತ್ತಿ ಇಳಿಸುತ್ತಿರುತ್ತವೆ. ಚಳಿಗಾಲದಲ್ಲಿ ಮರಗಳ ಎಲೆ ಉದುರಿ ಎಲ್ಲ ಬಯಲಾಗಿ ಕಾಣುತ್ತದೆ. ನಮ್ಮಮ್ಮ ಫ್ಲಾಸ್ಕಿನ ಕಾಫಿ ಹಿಡಿದು ಅರ್ಧ ಗಂಟೆ ಕಣ್ಣು ಕೀಳದೆ ನೋಡಿದರು. ಆಮೇಲೆ ‘ನಮ್ಮ ಕಡೆ ಕಾಫಿನೂ ಇದ್ರಲ್ಲೇ ಬರೋದಾ?’ ಅಂತ ಕೇಳಿದರು. ಗ್ರೇಡಿಂಗ್ ಆಗಿ ಮೂಟೆ ಲಾರಿ ಹತ್ತುವವರೆಗೆ ಮಾತ್ರ ಅವರಿಗೆ ಗೊತ್ತಿತ್ತು. ಆ ಪ್ರಶ್ನೆ ಕೇಳಿದ ಮೇಲೆ ಹ್ಯಾಂಬರ್ಗ್ ಅವರಿಗೆ ಪರವೂರು ಅನ್ನಿಸಲಿಲ್ಲ.

ವಾಪಸ್ ಲಾಂಡುಂಗ್ಸ್‌ಬ್ರ್ಯೂಕೆನ್‌ಗೆ ಬಂದು ಹಳೆಯ ಎಲ್ಬೆ ಸುರಂಗಕ್ಕೆ ಇಳಿಯಿರಿ. 1911ರಲ್ಲಿ ತೆರೆದದ್ದು, ಆಚೆ ದಡದ ಹಡಗುಕಟ್ಟೆಗೆ ಕೆಲಸಗಾರರು ನಡೆದು ಹೋಗಲಿ ಅಂತ. ಉದ್ದ 426 ಮೀಟರ್, ಆಳ 24 ಮೀಟರ್. ಟಿಕೆಟ್ ಇಲ್ಲ, ಲಿಫ್ಟ್ ಇದೆ, ಹೊರಗಿನ ಚಳಿಗಾಳಿಯ ಕಾಟ ಇಲ್ಲ. ಗೋಡೆಯ ಹೆಂಚುಗಳಲ್ಲಿ ಮೀನು, ಇಲಿಗಳ ಉಬ್ಬುಚಿತ್ರಗಳನ್ನು ನೋಡುತ್ತಾ ಆಚೆ ಹೋಗಿ. ಇಡೀ ಊರು ನೀರಿನ ಆಚೆಗೆ ಸಾಲಾಗಿ ಕಾಣುತ್ತದೆ. ಮಂಡಿ ಒಪ್ಪದಿದ್ದರೆ ಅರ್ಧ ದಾರಿಗೆ ತಿರುಗಿದರೂ ನಷ್ಟ ಇಲ್ಲ.

ಕತ್ತಲಾದ ಮೇಲೆ ಶ್ಪೈಖರ್‌ಸ್ಟಾಟ್. ಕೆಂಪು ಇಟ್ಟಿಗೆಯ ಗೋದಾಮುಗಳ ಊರು, 1883ರಲ್ಲಿ ಶುರುವಾದ ಕೆಲಸ 1927ರವರೆಗೂ ನಡೆಯಿತು, 2015ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಕಾಲುವೆಯಿಂದ ಮೇಲೆದ್ದ ಈ ಕಟ್ಟಡಗಳು ನಿಂತಿರುವುದು ಓಕ್ ಮರದ ದಿಮ್ಮಿಗಳ ಮೇಲೆ. ಕಾಫಿ, ಚಹಾ, ಮಸಾಲೆ, ರತ್ನಗಂಬಳಿ ಎಲ್ಲ ಇಲ್ಲೇ ಇಡುತ್ತಿದ್ದರು. ಇದನ್ನು ಕಟ್ಟಲು ಸುಮಾರು 20,000 ಜನರ ಮನೆ ಎಬ್ಬಿಸಿದ್ದರು ಅನ್ನುವುದನ್ನೂ ಅಮ್ಮನಿಗೆ ಹೇಳಿ. ಪೊಗ್ಗೆನ್‌ಮ್ಯೂಲೆನ್ ಸೇತುವೆ ಮೇಲೆ ನಿಂತರೆ ಎರಡು ಕಾಲುವೆಗಳ ನಡುವೆ ದೀಪ ಹಚ್ಚಿದ ಕಟ್ಟಡ ಕಾಣುತ್ತದೆ. ಫೋಟೋ ಅಲ್ಲೇ ತೆಗೆಯಿರಿ. ಹತ್ತಿರದಲ್ಲೇ ಇರುವ ಮಿನಿಯಾಟೂರ್ ವುಂಡರ್‌ಲಾಂಡ್ ಅನ್ನುವ ಆಟಿಕೆ ರೈಲಿನ ಲೋಕಕ್ಕೆ ಈಗಲೇ ಆನ್‌ಲೈನ್‌ನಲ್ಲಿ ಸಮಯ ಬುಕ್ ಮಾಡಿ, ವಾರಾಂತ್ಯದಲ್ಲಿ ಬೇಗ ತುಂಬುತ್ತದೆ. ಮಕ್ಕಳಿಗೆ ಅಂದುಕೊಂಡು ಬಿಡಬೇಡಿ. ಅಲ್ಲಿ ಪುಟ್ಟ ವಿಮಾನಗಳು ಹಾರುತ್ತವೆ, ಸ್ವಲ್ಪ ಸ್ವಲ್ಪ ಹೊತ್ತಿಗೆ ರಾತ್ರಿಯಾಗಿ ಸಾವಿರಾರು ದೀಪ ಹೊತ್ತಿಕೊಳ್ಳುತ್ತವೆ.

ಊಟಕ್ಕೆ ಪರದಾಡಬೇಕಿಲ್ಲ. ರೈಲು ನಿಲ್ದಾಣದ ಪಕ್ಕದ ಷ್ಟೈನ್‌ಡಾಮ್ ರಸ್ತೆಯಲ್ಲಿ ತುರ್ಕಿ, ಅಫ್ಘಾನ್ ಹೋಟೆಲುಗಳಿವೆ. ಬೇಳೆ ಸಾರು, ಬಿಸಿ ರೊಟ್ಟಿ, ಕಡಲೆಯ ವಡೆಯಂಥ ಫಲಾಫೆಲ್ ಸಿಗುತ್ತದೆ. ಬೆಳಗಿನ ತಿಂಡಿಗೆ ದಾಲ್ಚಿನ್ನಿ ಹಾಕಿದ ‘ಫ್ರಾಂಟ್ಸ್‌ಬ್ರೋಟ್‌ಖೆನ್’ ತಿನ್ನಿ, ಹ್ಯಾಂಬರ್ಗ್‌ನದೇ ತಿಂಡಿ ಅದು. ಅಂದಹಾಗೆ ಬೇಕರಿಯಲ್ಲಿ ರಾತ್ರಿಯಾದರೂ ‘ಮೊಯಿನ್’ ಅನ್ನಿ, ಎಲ್ಲ ಹೊತ್ತಿಗೂ ಅದೇ ನಮಸ್ಕಾರ.

ಭಾನುವಾರದ ಮೀನು ಸಂತೆ 1703ರಿಂದ ಇದೆ. ಚಳಿಗಾಲದಲ್ಲಿ ಬೆಳಿಗ್ಗೆ ಏಳಕ್ಕೆ ಶುರು, ಒಂಬತ್ತೂವರೆಗೆ ಮುಗಿಯುತ್ತದೆ. ಹೆಸರು ಮೀನಿನದಾದರೂ ಹಣ್ಣಿನ ಬುಟ್ಟಿ, ಹೂವು ಎಲ್ಲ ಕೂಗಿ ಕೂಗಿ ಮಾರುತ್ತಾರೆ. ಬೆಳಗಿನ ಜಾವದ ಕೆ.ಆರ್. ಮಾರ್ಕೆಟ್ ಗದ್ದಲ ಅಮ್ಮನಿಗೆ ಇಷ್ಟವಾದರೆ ಇದೂ ಇಷ್ಟವಾಗುತ್ತದೆ. ಮೀನಿನ ವಾಸನೆಯೇ ಆಗಲ್ಲ ಅಂದರೆ ಬಿಟ್ಟುಬಿಡಿ, ಮಲಗಲಿ. ಹಿಂದಿನ ರಾತ್ರಿ ಬಿರುಗಾಳಿ ಎಚ್ಚರಿಕೆ ನೋಡಿಕೊಳ್ಳಿ, ಉಬ್ಬರ ಜೋರಾದರೆ ಆ ಜಾಗವೇ ನೀರಿನಲ್ಲಿ ಮುಳುಗುತ್ತದೆ. 1962ರ ಫೆಬ್ರವರಿಯ ಪ್ರವಾಹದಲ್ಲಿ ಈ ಊರಿನಲ್ಲಿ 315 ಜನ ಸತ್ತಿದ್ದರು. ನದಿಯ ಎಚ್ಚರಿಕೆಯನ್ನು ಅಲ್ಲಿಯವರು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಹತ್ತು ಗಂಟೆಗೆ ಎಲ್ಬ್‌ಫಿಲ್‌ಹಾರ್ಮೊನಿ. ಹಳೆಯ ಗೋದಾಮಿನ ಮೇಲೆ ಗಾಜಿನ ಅಲೆಯಂತೆ ಕಟ್ಟಿ 2017ರಲ್ಲಿ ತೆರೆದ ಸಂಗೀತ ಭವನ. ಸಂಗೀತ ಕೇಳದಿದ್ದರೂ 37 ಮೀಟರ್ ಎತ್ತರದಲ್ಲಿ ಊರು ನೋಡಲು ಇರುವ ಪ್ಲಾಜಾ ಅನ್ನುವ ಜಗುಲಿಗೆ ಹೋಗಬಹುದು. ಉದ್ದನೆಯ ಎಸ್ಕಲೇಟರ್ ಹತ್ತಿಸುತ್ತದೆ, ಮಂಡಿಗೆ ಕೆಲಸವಿಲ್ಲ. ಹಿಂದಿನ ದಿನ ದೋಣಿಯಲ್ಲಿ ಹೋದ ದಾರಿಯನ್ನು ಮೇಲಿಂದ ಅಮ್ಮನಿಗೆ ಬೆರಳಿಟ್ಟು ತೋರಿಸಿ.

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಊರಿಗೆ ಒಯ್ಯುವ ಚಾಕೊಲೇಟು, ಬಾದಾಮಿ ಸಿಹಿಯಾದ ಮಾರ್ಜಿಪಾನ್ ಶನಿವಾರವೇ ಕೊಂಡುಬಿಡಿ. ವಾಪಸ್ ರೈಲಿನಲ್ಲಿ ಸೀಟು ಕಾಯ್ದಿರಿಸಿ, ಆರು ಗಂಟೆ ಅಮ್ಮ ನಿಲ್ಲಲಾರರು. ಫ್ಲಾಸ್ಕ್ ಮಾತ್ರ ಮರೆಯಬೇಡಿ.