ಉಷ್ಣವಲಯದ ದ್ವೀಪಗಳಿಗೆ ಸ್ಕೂಬಾ ಡೈವಿಂಗ್ ಪ್ರವಾಸ ಹೊರಡುವ ಮುನ್ನ ಏನೇನು ಯೋಜಿಸಬೇಕು?

ಮೊದಲು ವಾಪಸ್ ವಿಮಾನದ ಸಮಯ ನೋಡಿ, ಡೈವಿಂಗ್ ದಿನಗಳನ್ನು ಅಲ್ಲಿಂದ ಹಿಂದಕ್ಕೆ ಎಣಿಸಿ. ಆಳದಲ್ಲಿ ದೇಹದೊಳಗೆ ಕರಗಿದ ಸಾರಜನಕ ನಿಧಾನವಾಗಿ ಹೊರಹೋಗಬೇಕು. ವಿಮಾನದೊಳಗೆ ಗಾಳಿಯ ಒತ್ತಡ ಕಡಿಮೆ. ಅವಸರಪಟ್ಟು ಹತ್ತಿದರೆ ಆ ಸಾರಜನಕ ಗುಳ್ಳೆಗಟ್ಟಿ ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಏನು ಬೇಕಾದರೂ ಆಗಬಹುದು. ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್ ಆಗಿದ್ದರೆ 18 ಗಂಟೆ ಬಿಡುವು ಬೇಕು. 24 ಇಟ್ಟುಕೊಳ್ಳುವುದೇ ಜಾಣತನ. ದ್ವೀಪದಿಂದ ದ್ವೀಪಕ್ಕೆ ಹಾರುವ ಪುಟ್ಟ ವಿಮಾನಗಳನ್ನು ಜನ ಈ ಲೆಕ್ಕದಲ್ಲಿ ಮರೆಯುತ್ತಾರೆ.

ನೀರು 28 ಡಿಗ್ರಿ ಇದ್ದರೂ 3 ಮಿ.ಮೀ. ದಪ್ಪದ ವೆಟ್‌ಸೂಟ್ (ಮೈ ಬೆಚ್ಚಗಿಡುವ ಬಿಗಿಯಾದ ಡೈವಿಂಗ್ ಉಡುಪು) ಒಯ್ಯಿರಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಶಾಖ ಹೀರುತ್ತದೆ. ದಿನಕ್ಕೆ ಮೂರು ಡೈವ್ ಮಾಡಿದರೆ ನಡುಕ ಖಚಿತ. ಸೂಟ್ ಇದ್ದರೆ ಹವಳ ತರಚುವುದೂ ತಪ್ಪುತ್ತದೆ.

ಟ್ಯಾಂಕ್, ತೂಕದ ಬೆಲ್ಟ್ ಸಾಮಾನ್ಯವಾಗಿ ಅಲ್ಲೇ ಸಿಗುತ್ತವೆ. ಮಾಸ್ಕ್ ಮತ್ತು ಡೈವ್ ಕಂಪ್ಯೂಟರ್ (ಆಳ, ಸಮಯ ಲೆಕ್ಕವಿಡುವ ಉಪಕರಣ) ಮಾತ್ರ ಸ್ವಂತದ್ದಿರಲಿ. ಹೊಸ ಮಾಸ್ಕಿನ ಒಳಗಾಜಿಗೆ ಟೂತ್‌ಪೇಸ್ಟ್ ತಿಕ್ಕಿ ತೊಳೆಯಿರಿ, ಇಲ್ಲದಿದ್ದರೆ ತಯಾರಿಕೆಯ ವೇಳೆ ಉಳಿದ ಪದರದಿಂದ ಮಂಜು ಕಟ್ಟುತ್ತಲೇ ಇರುತ್ತದೆ. ವಿಮಾನದಲ್ಲಿ ಟಾರ್ಚಿನ ಬಿಡಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲಿರಬೇಕು.

ನೆಗಡಿಯಾದರೆ ನೀರಿಗಿಳಿಯಬೇಡಿ. ಮೂಗು ಬಿಡಿಸುವ ಔಷಧ ತೆಗೆದುಕೊಂಡು ಇಳಿದರೆ ಆಳದಲ್ಲೇ ಅದರ ಪರಿಣಾಮ ಮುಗಿದು, ಮೇಲೇರುವಾಗ ಕಿವಿಯೊಳಗಿನ ಗಾಳಿ ಹೊರಬರಲಾರದೆ ಸಿಕ್ಕಿಕೊಳ್ಳಬಹುದು. ವಿಮೆಯಲ್ಲಿ ಹೈಪರ್‌ಬ್ಯಾರಿಕ್ ಚೇಂಬರ್ (ಹೆಚ್ಚಿನ ಗಾಳಿಯ ಒತ್ತಡದ ಕೋಣೆ) ಚಿಕಿತ್ಸೆ ಮತ್ತು ತುರ್ತು ಸಾಗಣೆ ಎರಡೂ ಇವೆಯೇ ಎಂದು ಓದಿ ನೋಡಿ. ಸಾಮಾನ್ಯ ಪ್ರವಾಸ ವಿಮೆ ಎಷ್ಟೋ ಸಲ ಡೈವಿಂಗನ್ನೇ ಹೊರಗಿಟ್ಟಿರುತ್ತದೆ.