ಫ್ಯಾನ್ ಫಿಕ್ಷನ್ ಬರೆಯುವವರು ವಿವರಗಳಿಗಾಗಿ ಎಷ್ಟು ತಲೆ ಕೆಡಿಸಿಕೊಳ್ಳುತ್ತಾರೆ?

ಪತ್ತೇದಾರ ಷರ್ಲಾಕ್ ಹೋಮ್ಸ್ ಸತ್ತನೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ, 1893ರ ಚಳಿಗಾಲದಲ್ಲಿ, ಅವನ ಗೆಳೆಯ ಡಾಕ್ಟರ್ ವಾಟ್ಸನ್ ಒಬ್ಬನೇ ಒಂದು ಪ್ರಕರಣ ಬಿಡಿಸುವ ಕಥೆ ಬರೆಯಲು ಹೊರಟಿದ್ದೀರಿ. ಅಂದರೆ ಫ್ಯಾನ್ ಫಿಕ್ಷನ್, ಮೆಚ್ಚಿದ ಕೃತಿಯ ಪಾತ್ರಗಳನ್ನಿಟ್ಟು ಅಭಿಮಾನಿಗಳು ಬರೆಯುವ ಕಥೆ. ಎರಡು ಪುಟ ಮುಗಿಯುವಷ್ಟರಲ್ಲಿ ನೂರೆಂಟು ಅನುಮಾನ ಎದ್ದಿವೆ. ಬೇರೆಯವರೂ ಹೀಗೇ ತಲೆ ಕೆಡಿಸಿಕೊಳ್ಳುತ್ತಾರಾ, ಎಷ್ಟು ಓದಿಕೊಂಡರೆ ಸಾಕು ಅಂತ ಕೇಳಿದ್ದೀರಿ. ಕೆಡಿಸಿಕೊಳ್ಳುತ್ತಾರೆ. ಆದರೆ ಎಲ್ಲರೂ ಅಲ್ಲ, ಎಲ್ಲದಕ್ಕೂ ಅಲ್ಲ.

ನಾನು ಹಲವು ವರ್ಷಗಳಿಂದ ಹೋಮ್ಸ್ ಕಥೆಗಳನ್ನೇ ಬರೆಯುತ್ತಿದ್ದೇನೆ, ಬೇರೆಯವರ ಕರಡುಗಳಿಗೆ ಬೀಟಾ ರೀಡರ್ ಕೆಲಸವನ್ನೂ, ಅಂದರೆ ಪ್ರಕಟಿಸುವ ಮುಂಚೆ ಓದಿ ತಪ್ಪು ಹೇಳುವ ಕೆಲಸವನ್ನೂ ಮಾಡುತ್ತೇನೆ. ಏನನ್ನೂ ಹುಡುಕದೆ ಒಂದೇ ಸಲ ಕೂತು ಬರೆದು ಹಾಕುವವರನ್ನು ನೋಡಿದ್ದೇನೆ. ಒಂದು ರೈಲು ಎಷ್ಟು ಹೊತ್ತಿಗೆ ಹೊರಡುತ್ತಿತ್ತು ಅಂತ ತಿಳಿಯಲು ಬ್ರಾಡ್‌ಶಾ ವೇಳಾಪಟ್ಟಿಯ ಹಳೆಯ ಸಂಚಿಕೆಯ ಸ್ಕ್ಯಾನ್ ಪ್ರತಿಯನ್ನು ಹುಡುಕಿ ತೆಗೆಯುವವರನ್ನೂ ನೋಡಿದ್ದೇನೆ. ಎಷ್ಟೋ ಸಲ ಇವರಿಬ್ಬರೂ ಒಬ್ಬರೇ ಆಗಿರುತ್ತಾರೆ. ತಮಾಷೆಯ ಪುಟ್ಟ ಕಥೆಗೆ ಏನೂ ಓದದವರು ಇಪ್ಪತ್ತು ಅಧ್ಯಾಯದ ಕಥೆಗೆ ತಿಂಗಳುಗಟ್ಟಲೆ ಓದುತ್ತಾರೆ. ದುಡ್ಡು ಬರುವುದಿಲ್ಲ, ಸಂಪಾದಕರ ಗಡುವಿಲ್ಲ. ಹಾಗಾಗಿ ಎಷ್ಟು ಓದಬೇಕು ಅನ್ನುವುದನ್ನು ಅವರವರ ಹುಚ್ಚೇ ತೀರ್ಮಾನಿಸುತ್ತದೆ.

ಐತಿಹಾಸಿಕ ಕಾದಂಬರಿ ಬರೆಯುವವರಿಗೆ ಒಬ್ಬನೇ ಯಜಮಾನ, ಇತಿಹಾಸ. ನಮಗೆ ಇಬ್ಬರು. ಒಂದು ಕಡೆ ಮೂಲಕೃತಿ, ಅಂದರೆ ನಾವು ಕ್ಯಾನನ್ ಅಂತ ಕರೆಯುವುದು. ಇನ್ನೊಂದು ಕಡೆ ನಿಜವಾದ ಪ್ರಪಂಚ. ಇಬ್ಬರ ಮಾತೂ ಒಂದೇ ಆಗಿದ್ದಾಗ ತೊಂದರೆಯಿಲ್ಲ. ಜಗಳ ಬಂದಾಗ ಯಾರ ಪಕ್ಷ ಹಿಡಿಯಬೇಕು ಅನ್ನುವುದೇ ಕಷ್ಟದ ಪ್ರಶ್ನೆ. ನನ್ನ ಅನುಭವದಲ್ಲಿ ಓದುಗರು ಬಹುತೇಕ ಯಾವಾಗಲೂ ಕ್ಯಾನನ್ ಕಡೆಗೇ ವಾಲುತ್ತಾರೆ. ಲಂಡನ್ನಿನ ಒಂದು ಬೀದಿಯನ್ನು ತಪ್ಪು ದಿಕ್ಕಿಗೆ ತಿರುಗಿಸಿದರೆ ನೂರರಲ್ಲಿ ಒಬ್ಬರಿಗೆ ಗೊತ್ತಾದೀತು. ವಾಟ್ಸನ್ ಓದಿದ ವಿಶ್ವವಿದ್ಯಾಲಯದ ಹೆಸರು ತಪ್ಪಿದರೆ ಮೊದಲ ಕಾಮೆಂಟಿನಲ್ಲೇ ಬರುತ್ತದೆ.

ಕ್ಯಾನನ್ನಿಗೆ ನಿಷ್ಠರಾಗಿರುತ್ತೇವೆ ಅಂದರೂ ಅದು ತನಗೇ ನಿಷ್ಠವಾಗಿಲ್ಲ ಅನ್ನುವುದು ಇನ್ನೊಂದು ಮಜಾ. ಹೋಮ್ಸ್‌ನನ್ನು ಸೃಷ್ಟಿಸಿದ ಕಾನನ್ ಡಾಯ್ಲ್ ಅವನ ಬಗ್ಗೆ ಬರೆದದ್ದು ನಾಲ್ಕು ಕಾದಂಬರಿ, ಐವತ್ತಾರು ಸಣ್ಣ ಕಥೆ. ತಾನು ಹಿಂದೆ ಏನು ಬರೆದಿದ್ದೆ ಅಂತ ಅವರು ತಿರುಗಿ ನೋಡುತ್ತಿದ್ದುದು ಕಡಿಮೆ. 1887ರ ಮೊದಲ ಕಾದಂಬರಿಯಲ್ಲಿ ಅಫ್ಘಾನಿಸ್ತಾನದ ಮೈವಂದ್ ಯುದ್ಧದಲ್ಲಿ ವಾಟ್ಸನ್‌ಗೆ ಗುಂಡು ಬಿದ್ದದ್ದು ಭುಜಕ್ಕೆ. 1890ರ ಎರಡನೆಯ ಕಾದಂಬರಿಗೆ ಬರುವಷ್ಟರಲ್ಲಿ ಆ ಗಾಯ ಕಾಲಿಗೆ ಇಳಿದಿದೆ. ಅವನ ಹೆಸರು ಜಾನ್. ಒಂದು ಕಥೆಯಲ್ಲಿ ಅವನ ಹೆಂಡತಿಯೇ ಅವನನ್ನು ಜೇಮ್ಸ್ ಅಂತ ಕರೆಯುತ್ತಾಳೆ. ಕೆಂಪು ಕೂದಲಿನವರ ಸಂಘದ ಕಥೆಯಲ್ಲಿ ಜಾಹೀರಾತು 1890ರ ಏಪ್ರಿಲ್ 27ರ ಪತ್ರಿಕೆಯದ್ದು. ಅದು ಸರಿಯಾಗಿ ಎರಡು ತಿಂಗಳ ಹಿಂದಿನದು ಅನ್ನುತ್ತಾನೆ ವಾಟ್ಸನ್. ಆದರೆ ಸಂಘ ವಿಸರ್ಜನೆಯಾಗಿದೆ ಅನ್ನುವ ಚೀಟಿಯಲ್ಲಿರುವ ತಾರೀಖು ಅಕ್ಟೋಬರ್ 9. ಹೋಮ್ಸ್ ಕಣ್ಮರೆಯಾದದ್ದು 1891ರ ಮೇ 4ರಂದು, ವಾಪಸ್ ಬಂದದ್ದು 1894ರಲ್ಲಿ. ಹಾಗಿದ್ದೂ ‘ವಿಸ್ಟೀರಿಯಾ ಲಾಡ್ಜ್’ ಕಥೆ ನಡೆಯುವುದು 1892ರ ಮಾರ್ಚ್ ಕೊನೆಯಲ್ಲಂತೆ!

ಇವನ್ನು ತಪ್ಪುಗಳ ಪಟ್ಟಿ ಅಂತ ನೋಡಿದರೆ ಅಲ್ಲಿಗೇ ಮುಗಿಯಿತು. ನಮ್ಮ ಮಂದಿ ಹಾಗೆ ನೋಡುವುದಿಲ್ಲ. ಇಂಗ್ಲಿಷ್ ಲೇಖಕ ರೊನಾಲ್ಡ್ ನಾಕ್ಸ್ 1911ರಲ್ಲಿ ಹೋಮ್ಸ್ ಕಥೆಗಳನ್ನು ಧರ್ಮಗ್ರಂಥ ಪರಿಶೀಲಿಸುವ ವಿದ್ವಾಂಸರ ಗಾಂಭೀರ್ಯದಲ್ಲಿ ವಿಶ್ಲೇಷಿಸಿ ಒಂದು ಪ್ರಬಂಧ ಮಂಡಿಸಿದರು. ಅಲ್ಲಿಂದ ಈ ಆಟ ಬೆಳೆಯುತ್ತಲೇ ಬಂತು. ಹೋಮ್ಸ್, ವಾಟ್ಸನ್ ನಿಜವಾಗಿ ಬದುಕಿದ್ದವರು, ಬರೆದವನು ವಾಟ್ಸನ್, ಡಾಯ್ಲ್ ಬರೀ ಮಧ್ಯವರ್ತಿ ಅಂತ ಇಟ್ಟುಕೊಂಡು ಎಲ್ಲ ವಿರೋಧಾಭಾಸಕ್ಕೂ ಕಾರಣ ಹುಡುಕುವುದು. ಜೇಮ್ಸ್ ಅನ್ನುವ ಹೆಸರಿಗೆ ಪತ್ತೇದಾರಿ ಕಾದಂಬರಿಗಾರ್ತಿ ಡೊರೊಥಿ ಸೇಯರ್ಸ್ ಕೊಟ್ಟ ವಿವರಣೆ ಇಂದಿಗೂ ಚಾಲ್ತಿಯಲ್ಲಿದೆ: ಜಾನ್ ಎಚ್. ವಾಟ್ಸನ್ ಅನ್ನುವಲ್ಲಿನ ಎಚ್ ಅಂದರೆ ಹೇಮಿಶ್, ಅದು ಜೇಮ್ಸ್‌ನ ಸ್ಕಾಟಿಷ್ ರೂಪ, ಹೆಂಡತಿ ಪ್ರೀತಿಯಿಂದ ಹಾಗೆ ಕರೆದಳು. ಇದು ಸಂಶೋಧನೆಯೋ ಕಥೆ ಕಟ್ಟುವುದೋ? ನನ್ನ ಕೇಳಿದರೆ ಎರಡೂ. ಎರಡು ಗಾಯದ ಗೊಂದಲವೊಂದರಿಂದಲೇ ಹುಟ್ಟಿದ ಫ್ಯಾನ್ ಫಿಕ್ಷನ್‌ಗಳನ್ನು ಎಣಿಸಿ ಮುಗಿಸಲಾಗದು. ಕಾಲಿನ ಗಾಯ ಎಲ್ಲಿ, ಯಾವಾಗ, ಅದನ್ನು ವಾಟ್ಸನ್ ಯಾಕೆ ಮುಚ್ಚಿಟ್ಟ ಅನ್ನುವ ಪ್ರಶ್ನೆಗಳಲ್ಲೇ ಕಥೆ ಕೂತಿದೆ. ಮೂಲವನ್ನು ಗಮನವಿಟ್ಟು ಓದದವರ ಕಣ್ಣಿಗೆ ಆ ಸಂದು ಬೀಳುವುದೇ ಇಲ್ಲ.

ಮೂಲಕ್ಕೂ ಪ್ರಪಂಚಕ್ಕೂ ನೇರ ಜಗಳ ಬರುವ ಕಡೆ ಒಂದು ಹಾವಿದೆ. ‘ಸ್ಪೆಕಲ್ಡ್ ಬ್ಯಾಂಡ್’ ಕಥೆಯ ಹಾವು ಬಟ್ಟಲಿನ ಹಾಲು ಕುಡಿಯುತ್ತದೆ, ಸೀಟಿ ಹೊಡೆದರೆ ಹಗ್ಗ ಹತ್ತಿ ವಾಪಸ್ ಹೋಗುತ್ತದೆ. ಭಾರತದ ಅತಿ ವಿಷಕಾರಿ ಹಾವು, ‘ಸ್ವಾಂಪ್ ಆಡರ್’ ಅಂತ ಹೋಮ್ಸ್ ಘೋಷಿಸುತ್ತಾನೆ. ಅಂಥ ಹಾವೇ ಇಲ್ಲ. ಇರುವ ಹಾವುಗಳಿಗೆ ಹಾಲು ಆಹಾರವಲ್ಲ. ಈಗ ಅದೇ ಮನೆಯ ಮುಂದಿನ ಕಥೆ ಬರೆಯಬೇಕಾದರೆ ಏನು ಮಾಡುತ್ತೀರಿ? ನಾನಾದರೆ ಹಾಲಿನ ಬಟ್ಟಲನ್ನು ಮುಟ್ಟುವುದಿಲ್ಲ. ಅದು ಡಾಯ್ಲ್ ಪ್ರಪಂಚದ ಸತ್ಯ. ಆದರೆ ನನ್ನ ಕಥೆಗೆ ನಾನೇ ಹೊಸದಾಗಿ ಒಂದು ಹಾವನ್ನು ತಂದರೆ ಅದು ನಿಜವಾದ ಹಾವಿನ ಹಾಗೆ ನಡೆದುಕೊಳ್ಳಬೇಕು. ಮೂಲದ ತಪ್ಪನ್ನು ಪಾಲಿಸುವುದು ನಿಷ್ಠೆ. ಹೊಸ ತಪ್ಪು ಸೇರಿಸುವುದು ಸೋಮಾರಿತನ. ಎಲ್ಲರೂ ಇದನ್ನು ಒಪ್ಪುವುದಿಲ್ಲ, ಇರಲಿ.

ಇಬ್ಬರು ಯಜಮಾನರ ಜೊತೆಗೆ ಮನೆಯೊಳಗೆ ನುಸುಳಿದ ಒಬ್ಬ ಮೂರನೆಯವನಿದ್ದಾನೆ, ಫ್ಯಾನನ್. ಯಾರೋ ಒಬ್ಬರು ಬರೆದದ್ದು, ಹತ್ತು ಜನ ಅನುಸರಿಸಿದ್ದು, ಕೊನೆಗೆ ಮೂಲದಲ್ಲೇ ಇದೆ ಅಂತ ಎಲ್ಲರೂ ನಂಬಿದ್ದು. “ಎಲಿಮೆಂಟರಿ, ಮೈ ಡಿಯರ್ ವಾಟ್ಸನ್” ಅನ್ನುವ ಮಾತು ಆ ಅರವತ್ತು ಕಥೆಗಳಲ್ಲಿ ಒಂದು ಕಡೆಯೂ ಹಾಗೇ ಇಡಿಯಾಗಿ ಬರುವುದಿಲ್ಲ. ಹೋಮ್ಸ್ ಅಂದಕೂಡಲೇ ಕಣ್ಣಿಗೆ ಬರುವ ಡಿಯರ್‌ಸ್ಟಾಕರ್ ಟೋಪಿಯ ಹೆಸರನ್ನು ಡಾಯ್ಲ್ ಎಲ್ಲೂ ಬರೆದಿಲ್ಲ. ಕಿವಿಪಟ್ಟಿಯ ಪ್ರಯಾಣದ ಟೋಪಿ ಅಂತ ಒಂದು ಕಡೆ ಬರುತ್ತದೆ, ಉಳಿದದ್ದು ಚಿತ್ರಕಾರ ಸಿಡ್ನಿ ಪ್ಯಾಜೆಟ್ ಕೊಡುಗೆ. ಸಿನಿಮಾ, ಸೀರಿಯಲ್ ನೋಡಿ ಬರೆಯಲು ಕೂತವರು ಜಾರುವುದು ಹೆಚ್ಚಾಗಿ ಇಲ್ಲೇ. ಟೋಪಿ ಹಾಕಿಸಬಾರದು ಅಂತಲ್ಲ, ಯಾವ ಹೋಮ್ಸ್‌ನನ್ನು ಬರೆಯುತ್ತಿದ್ದೀರಿ ಅನ್ನುವುದು ನಿಮಗೆ ಗೊತ್ತಿರಬೇಕು, ಅಷ್ಟೆ.

ಬೇರೆ ಕೃತಿಗಳ ಅಭಿಮಾನಿ ಬಳಗಗಳಲ್ಲೂ ಇದೇ ಕಥೆ. ಹ್ಯಾರಿ ಪಾಟರ್ ಬರೆಯುವ ಅಮೆರಿಕನ್ನರು ತಮ್ಮ ಕರಡನ್ನು ಬ್ರಿಟಿಷ್ ಓದುಗರಿಗೆ ಕೊಟ್ಟು ಶಾಲೆ, ಊಟ, ಬೈಗುಳ ಎಲ್ಲ ತಿದ್ದಿಸಿಕೊಳ್ಳುತ್ತಾರೆ. ಅದಕ್ಕೆ ಬ್ರಿಟ್‌ಪಿಕಿಂಗ್ ಅನ್ನುವ ಹೆಸರೇ ಇದೆ. ಅದರಲ್ಲಿನ ತೋಳಮಾನವ ಲುಪಿನ್ ಕಥೆ ಬರೆಯುವವರು ಅವನ ಕಥೆ ನಡೆಯುವ 1993–94ರ ಹುಣ್ಣಿಮೆಗಳ ಪಟ್ಟಿ ಹಿಡಿದು ಕೂರುತ್ತಾರೆ, ಪುಸ್ತಕದ ಹುಣ್ಣಿಮೆ ಆಕಾಶದ ಹುಣ್ಣಿಮೆಗೆ ಹೊಂದುವುದಿಲ್ಲ ಅಂತ ಗೊತ್ತಾಗಿ ತಲೆ ಚಚ್ಚಿಕೊಳ್ಳುತ್ತಾರೆ. ‘ಲಾರ್ಡ್ ಆಫ್ ದ ರಿಂಗ್ಸ್’ ಬರೆದ ಟೋಲ್ಕಿನ್ ಕಡೆಯವರಂತೂ ಬೇರೆಯೇ ಜಾತಿ. ಅಲ್ಲಿನ ಹಾಬಿಟ್ ಅನ್ನುವ ಕುಳ್ಳ ಜನರ ನಾಡಾದ ಶೈರ್‌ನ ಪಂಚಾಂಗದಲ್ಲಿ ಪ್ರತಿ ತಿಂಗಳಿಗೂ ಮೂವತ್ತೇ ದಿನ, ಹಾಗಾಗಿ ಅಲ್ಲಿ ಫೆಬ್ರವರಿ 30 ಇದೆ, ಜುಲೈ 31 ಇಲ್ಲ. ಗೊತ್ತಿಲ್ಲದೆ ಜುಲೈ 31ರಂದು ಒಂದು ಮದುವೆ ಮಾಡಿಸಿ ನೋಡಿ, ಪುಸ್ತಕದ ಅನುಬಂಧದ ಪುಟಸಂಖ್ಯೆ ಸಮೇತ ತಕರಾರು ಬರುತ್ತದೆ. ಸ್ಟಾರ್ ಟ್ರೆಕ್ ಬರೆಯುವವರು ಅದರಲ್ಲಿನ ಅನ್ಯಗ್ರಹದವರ ಭಾಷೆಯಾದ ಕ್ಲಿಂಗನ್‌ನ ಒಂದು ಸಾಲಿಗೆ ಮಾರ್ಕ್ ಒಕ್ರಾಂಡ್ 1985ರಲ್ಲಿ ಹೊರತಂದ ನಿಘಂಟು ತೆರೆಯುತ್ತಾರೆ.

ನಿಜಪ್ರಪಂಚದ ವಿವರಗಳಲ್ಲಿ ಅತಿ ಹೆಚ್ಚು ಎಡವುವುದು ಮನುಷ್ಯನ ದೇಹದ ವಿಷಯದಲ್ಲಿ. ತಲೆಗೆ ಪೆಟ್ಟು ಬಿದ್ದು ಗಂಟೆಗಟ್ಟಲೆ ಪ್ರಜ್ಞೆ ತಪ್ಪಿದವನು ಎದ್ದು ನೇರ ಹೊಡೆದಾಟಕ್ಕೆ ಹೋಗುತ್ತಾನೆ. ಅಷ್ಟು ಹೊತ್ತು ಪ್ರಜ್ಞೆ ಇಲ್ಲ ಅಂದರೆ ಅದು ಮೆದುಳಿನ ಗಂಭೀರ ಗಾಯ. ಭುಜಕ್ಕೆ ಗುಂಡು ಬಿದ್ದರೆ ಏನೂ ಆಗುವುದಿಲ್ಲ ಅನ್ನುವುದು ಇನ್ನೊಂದು ನಂಬಿಕೆ. ಕೈಗೆ ಹೋಗುವ ದೊಡ್ಡ ರಕ್ತನಾಳ, ನರಗಳ ಕಟ್ಟು ಎರಡೂ ಅಲ್ಲಿಂದಲೇ ಹಾದುಹೋಗುತ್ತವೆ. ಇವತ್ತಿನ ಕಾಲದ ಕಥೆಗಳಲ್ಲಿ ಮಾನಿಟರ್ ಗೆರೆ ನೇರವಾದ ತಕ್ಷಣ ಡಿಫಿಬ್ರಿಲೇಟರ್ ಶಾಕ್ ಕೊಡಿಸುತ್ತಾರೆ. ಅದು ಹೃದಯದ ಬಡಿತ ಅಡ್ಡಾದಿಡ್ಡಿ ಆದಾಗ ಕೊಡುವಂಥದ್ದು, ಪೂರ್ತಿ ನಿಂತಾಗ ಅಲ್ಲ. ಓದುಗರಲ್ಲಿ ನರ್ಸುಗಳು, ವೈದ್ಯರು ಇರುತ್ತಾರೆ, ಅವರು ಸುಮ್ಮನಿರುವುದಿಲ್ಲ. ಅದಕ್ಕೇ 2009ರಲ್ಲಿ ಶುರುವಾದ ಫ್ಯಾನ್ ಫಿಕ್ಷನ್ ಜಾಲತಾಣ ‘ಆರ್ಕೈವ್ ಆಫ್ ಅವರ್ ಓನ್’ನಲ್ಲಿ ‘ವೈದ್ಯಕೀಯ ವಿವರ ಸರಿಯಿಲ್ಲ’ ಅಂತ ಮುಂಚೆಯೇ ಹೇಳಿಬಿಡುವ ಟ್ಯಾಗ್ ಇದೆ. ಇದು ನನಗೆ ತುಂಬ ಇಷ್ಟ. ನಾನು ಹುಡುಕಿಲ್ಲ, ನೀವೂ ಹುಡುಕಬೇಡಿ ಅನ್ನುವ ಒಪ್ಪಂದ ಅದು. ಓದುಗ ಒಪ್ಪಿಕೊಂಡು ಒಳಗೆ ಬಂದರೆ ತಕರಾರಿಗೆ ಜಾಗವಿಲ್ಲ.

ನಿಮ್ಮ ವಾಟ್ಸನ್ ವಿಷಯದಲ್ಲಿ ದೇಹದ ಸಂಗತಿಗೆ ಇನ್ನೊಂದು ಮುಖವಿದೆ. ಅವನು 1878ರಲ್ಲಿ ಲಂಡನ್ ವಿಶ್ವವಿದ್ಯಾಲಯದಲ್ಲಿ ಎಂಡಿ ಮುಗಿಸಿದವನು. ಇವತ್ತಿನ ವೈದ್ಯಶಾಸ್ತ್ರ ಏನು ಹೇಳುತ್ತದೆ ಅನ್ನುವುದಕ್ಕಿಂತ ಅವನಿಗೆ ಏನು ಗೊತ್ತಿರಲಿಲ್ಲ ಅನ್ನುವುದನ್ನೇ ಹೆಚ್ಚು ಹುಡುಕಬೇಕು. ಎಕ್ಸ್-ರೇ ಕಂಡುಹಿಡಿದದ್ದು 1895ರ ಕೊನೆಯಲ್ಲಿ, ಹಾಗಾಗಿ ನಿಮ್ಮ ಕಥೆಯಲ್ಲಿ ಒಳಗೆ ಉಳಿದ ಗುಂಡನ್ನು ಅವನು ಸಲಾಕೆ ಹಾಕಿ ತಡಕಿಯೇ ಹುಡುಕಬೇಕು. ರಕ್ತದ ಗುಂಪುಗಳೂ, ಕಲೆ ಮನುಷ್ಯನ ರಕ್ತದ್ದೋ ಪ್ರಾಣಿಯದ್ದೋ ಅಂತ ಖಚಿತವಾಗಿ ಹೇಳುವ ಪರೀಕ್ಷೆಯೂ ಇನ್ನೂ ಬಂದಿಲ್ಲ. ಲಂಡನ್ ಪೊಲೀಸರ ಸ್ಕಾಟ್ಲೆಂಡ್ ಯಾರ್ಡಿನಲ್ಲಿ ಬೆರಳಚ್ಚು ವಿಭಾಗ ತೆರೆದದ್ದು 1901ರಲ್ಲಿ. ಆದರೆ ಗಾಯಕ್ಕೆ ಸೋಂಕು ತಗಲದಂತೆ ಶಸ್ತ್ರವೈದ್ಯ ಲಿಸ್ಟರ್ ಬಳಸಿದ ಕಾರ್ಬಾಲಿಕ್ ಆಮ್ಲ 1860ರ ದಶಕದಿಂದಲೇ ಇತ್ತು, ಹಾಗಾಗಿ ಅವನು ಕೈಯನ್ನೇ ತೊಳೆಯದ ನಾಟಿ ವೈದ್ಯನೂ ಅಲ್ಲ. ಈ ನಡುವಿನ ಸ್ಥಿತಿ ಸರಿಯಾಗಿ ಬಂದರೆ ಕಾಲ ತಾನಾಗಿಯೇ ಬರುತ್ತದೆ. ಗ್ಯಾಸ್‌ದೀಪ, ಮಂಜು, ಕುದುರೆಗಾಡಿ ಅಂತ ಪ್ರತಿ ಪುಟದಲ್ಲೂ ಹೇರಬೇಕಿಲ್ಲ.

ಕುದುರೆಗಾಡಿ ಅಂದೆನಲ್ಲ, ಹ್ಯಾನ್ಸಮ್ ಅನ್ನುವ ಎರಡು ಚಕ್ರದ ಬಾಡಿಗೆ ಗಾಡಿಯಲ್ಲಿ ಇಬ್ಬರಿಗೆ ಮಾತ್ರ ಜಾಗ, ಗಾಡಿಯವನು ಕೂರುವುದು ಹಿಂದೆ, ಎತ್ತರದಲ್ಲಿ. ಮೂರು ಜನ ಇದ್ದರೆ ನಾಲ್ಕು ಚಕ್ರದ ಗಾಡಿ ಕರೆಸಿ. ಇಂಥವು ಹತ್ತು ನಿಮಿಷದಲ್ಲಿ ಸಿಗುತ್ತವೆ. ಹೆಚ್ಚು ಹೊತ್ತು ಕಳೆಯಲು ಲಾಯಕ್ಕಾದ ಕಡೆ ಎರಡು. ಒಂದು, ಚಾರ್ಲ್ಸ್ ಬೂತ್ ಮಾಡಿಸಿದ ಲಂಡನ್ನಿನ ಬಡತನದ ನಕ್ಷೆ. ಬೀದಿ ಬೀದಿಗೂ ಬಣ್ಣ, ಸಿರಿವಂತರದ್ದು ಹಳದಿ, ತೀರ ಕೆಳಗಿನವರದ್ದು ಕಪ್ಪು. ಪಾತ್ರಕ್ಕೆ ಮನೆ ಕೊಡುವ ಮುಂಚೆ ಅದನ್ನೊಮ್ಮೆ ನೋಡಿ. ಇನ್ನೊಂದು, ಓಲ್ಡ್ ಬೇಲಿ ನ್ಯಾಯಾಲಯದ ವಿಚಾರಣೆಗಳ ದಾಖಲೆ. 1674ರಿಂದ 1913ರವರೆಗಿನದ್ದು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಗಾಡಿಯವರು, ಮನೆಗೆಲಸದವರು, ಗಿರವಿ ಅಂಗಡಿಯವರು ಕಟಕಟೆಯಲ್ಲಿ ನಿಂತು ಹೇಳಿದ್ದನ್ನು ಅಲ್ಲಿ ಓದಬಹುದು. ಎಚ್ಚರ, ಅಲ್ಲಿಗೆ ಹೋದವರು ಕಥೆ ಬರೆಯಲು ವಾಪಸ್ ಬರುವುದು ಅನುಮಾನ. ಅದಕ್ಕೇ ನಾನು ಮೊದಲ ಕರಡು ಮುಗಿಯುವವರೆಗೆ ಏನನ್ನೂ ಹುಡುಕುವುದಿಲ್ಲ. ಗೊತ್ತಿಲ್ಲದ ಕಡೆ ಚೌಕ ಕಂಸ ಹಾಕಿ ‘ಇಲ್ಲಿ ರೈಲು’, ‘ಇಲ್ಲಿ ವಿಷ’ ಅಂತ ಬರೆದು ಮುಂದೆ ಹೋಗುತ್ತೇನೆ. ಮುಗಿದ ಮೇಲೆ ನೋಡಿದರೆ ಅರ್ಧಕ್ಕರ್ಧ ಕಂಸಗಳು ಕಥೆಗೆ ಬೇಡವೇ ಬೇಡ.

ಇನ್ನು ನೀವು ಅರವತ್ತು ಕಥೆಗಳನ್ನೂ ಓದಬೇಕಿಲ್ಲ. ನಿಮ್ಮ ಕಾಲಕ್ಕೆ ‘ಫೈನಲ್ ಪ್ರಾಬ್ಲಮ್’, ‘ಎಂಪ್ಟಿ ಹೌಸ್’, ‘ನಾರ್‌ವುಡ್ ಬಿಲ್ಡರ್’ ಮೂರು ಸಾಕು, ಆದರೆ ಪೆನ್ಸಿಲ್ ಹಿಡಿದು ಓದಿ. ವಾಟ್ಸನ್‌ನ ಹೆಂಡತಿ ಮೇರಿ ತೀರಿಕೊಂಡದ್ದು ಯಾವಾಗ ಅಂತ ಎಲ್ಲೂ ಹೇಳಿಲ್ಲ. ಹೋಮ್ಸ್ ವಾಪಸ್ ಬಂದಾಗ ವಾಟ್ಸನ್‌ನ ದುಃಖದ ಬಗ್ಗೆ ಒಂದು ಮಾತು ಬರುತ್ತದೆ, ಅಷ್ಟೇ. ಹಾಗಾಗಿ 1893ರ ಚಳಿಗಾಲದಲ್ಲಿ ಅವಳು ಇದ್ದಾಳೋ ಇಲ್ಲವೋ ಅನ್ನುವುದು ಪೂರ್ತಿ ನಿಮ್ಮ ಕೈಯಲ್ಲಿದೆ. ಅದನ್ನು ಮೊದಲು ನಿರ್ಧರಿಸಿ. ಹೋಮ್ಸ್ ಮರಳಿದ ಹೊತ್ತಿಗೆ ವಾಟ್ಸನ್‌ನ ದವಾಖಾನೆ ಇದ್ದದ್ದು ಕೆನ್ಸಿಂಗ್ಟನ್‌ನಲ್ಲಿ. ಅಲ್ಲಿ ಆಗಲೇ ಸುರಂಗ ರೈಲು ಇತ್ತು, ಆದರೆ ಹೊಗೆಯುಗುಳುವ ಉಗಿ ಎಂಜಿನ್ನಿನದ್ದು. ಇನ್ನೊಂದು ಸಂಗತಿ ನಿಮಗೆ ಹೊಳೆದಿದೆಯೋ ಇಲ್ಲವೋ, ಹೋಮ್ಸ್ ಸತ್ತನೆಂದು ವಾಟ್ಸನ್ ಬರೆದ ‘ಫೈನಲ್ ಪ್ರಾಬ್ಲಮ್’ ಸ್ಟ್ರಾಂಡ್ ಪತ್ರಿಕೆಯಲ್ಲಿ ಅಚ್ಚಾದದ್ದು 1893ರ ಡಿಸೆಂಬರಿನಲ್ಲಿ. ಅದರಲ್ಲಿ ಸಾಯುವ ಹೋಮ್ಸ್‌ನ ವೈರಿ ಪ್ರೊಫೆಸರ್ ಮೊರಿಯಾರ್ಟಿಯ ತಮ್ಮನೋ ಅಣ್ಣನೋ, ಆ ಕರ್ನಲ್, ಪತ್ರಿಕೆಗಳಿಗೆ ಕಾಗದ ಬರೆದು ಸತ್ತ ಪ್ರೊಫೆಸರ್‌ನನ್ನು ಸಮರ್ಥಿಸಿಕೊಂಡಿದ್ದಕ್ಕೇ ತಾನು ಬಾಯಿ ಬಿಡಬೇಕಾಯಿತು ಅನ್ನುತ್ತಾನೆ ವಾಟ್ಸನ್. ಅಂದರೆ ನಿಮ್ಮ ಕಥೆ ನಡೆಯುವ ವಾರಗಳಲ್ಲೇ ಅವನು ಗೆಳೆಯನ ಸಾವಿನ ವರದಿ ಅಚ್ಚಿಗೆ ಕೊಟ್ಟಿರುತ್ತಾನೆ, ಓದಿದವರು ದವಾಖಾನೆಗೇ ಬಂದು ಪ್ರಶ್ನೆ ಕೇಳುತ್ತಿರುತ್ತಾರೆ, ಆ ಕರ್ನಲ್ ಕೂಡ ಲಂಡನ್ನಿನಲ್ಲೇ ಇರಬಹುದು. ಅವನ ಹೆಸರೂ ಜೇಮ್ಸ್, ಪ್ರೊಫೆಸರ್‌ನ ಹೆಸರೂ ಜೇಮ್ಸ್. ಇದನ್ನು ಡಾಯ್ಲ್ ಎಲ್ಲೂ ಬಿಡಿಸಿ ಹೇಳಿಲ್ಲ; ನೀವು ಹೇಳಬಹುದು.